ಒಂದೇ ಕೂಗು

ಬಿಳಿಗಲ್ಲು ಎಸ್ಟೇಟ್, ಕಳಸ
೧೧ ಫೆಬ್ರವರಿ ೧೯೭೯

ಖುರ್ಷೀದಾ,

ಹಿಂಬದಿಯ ಹೆಸರು ನೋಡಿ ಈ ಕಾಗದವನ್ನು ಒಲೆಗೆ ಹಾಕದೆ ಒಡೆದಿದ್ದೀಯಾದರೆ ನೀನು ದೊಡ್ಡ ಮನಸ್ಸಿನವಳು. ನನ್ನ ಮದುವೆಗೆ ಬರಲಿಲ್ಲ ಅಂತ ಮುನಿಸಿಕೊಂಡು ನಿನಗೆ ಬರೆಯುವುದು ಬಿಟ್ಟವಳು ನಾನೇ. ಈಗ ಗರಜು ಬಿದ್ದಿದೆ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಹೋದ ವಾರ ಎಸ್ಟೇಟಿನ ಜೀಪು ಕೆಟ್ಟು ಮೂಡಿಗೆರೆಯಲ್ಲಿ ನಿಮ್ಮ ತಂದೆಯ ಗ್ಯಾರೇಜಿಗೆ ಹೋಗಿತ್ತು. ನಮ್ಮವರು ಇಲ್ಲಿ ಲೆಕ್ಕಪತ್ರ ಬರೆಯುವ ರೈಟರ್, ಜೀಪಿನ ಜೊತೆ ಅವರೂ ಹೋಗಿದ್ದರು. ತಯ್ಯಬ್ ಸಾಹೇಬರು ಸ್ಪ್ಯಾನರ್ ಹಿಡಿದುಕೊಂಡೇ ನಿನ್ನ ಪುರಾಣ ಬಿಚ್ಚಿದರಂತೆ. "ಮೈಸೂರಿನ ಆಸ್ಪತ್ರೇಲಿ ಮಾತು ಬಾರದ ಮಕ್ಕಳಿಗೆ ಮಾತು ಕಲಿಸ್ತಾಳೆ ಸ್ವಾಮಿ ನನ್ನ ಮಗಳು" ಅಂತ. ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಹೇಳಿದರು.

ನನಗೊಬ್ಬಳು ಮಗಳಿದ್ದಾಳೆ. ಅನ್ನಪೂರ್ಣ. ಹೊರನಾಡಿನ ಅಮ್ಮನ ಹೆಸರು. ನಾವು ಪೂರ್ಣಿ ಅನ್ನುತ್ತೇವೆ. ಐದು ತುಂಬಿದೆ. ಪಕ್ಕದ ಕೋಣೆಯಲ್ಲಿ ಒಂದು ಕಾಫಿ ಬೀಜ ಬಿದ್ದರೆ ಓಡಿ ಬರುತ್ತಾಳೆ, ಅಂಥ ಕಿವಿ. ಆದರೆ ಪೂರ್ಣಿ ಅಂತ ಗಂಟಲು ಹರಿಯುವಂತೆ ಕರೆದರೂ ತಿರುಗುವುದಿಲ್ಲ. ಮಾತಿಲ್ಲ. ಮುಖ ನೋಡುವುದಿಲ್ಲ. ಜಗಲಿಯಲ್ಲಿ ಬೀಜಗಳನ್ನು ಸಾಲಾಗಿ ಜೋಡಿಸುತ್ತಾಳೆ, ಒಂದನ್ನು ಯಾರಾದರೂ ಸರಿಸಿದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಾಳೆ. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಕೊಡದ ಮೇಲೆ ಇಡುತ್ತಾಳೆ. ಆಗಲೂ ನನ್ನ ಮುಖ ನೋಡುವುದಿಲ್ಲ. ನನ್ನ ಕೈ ಅವಳಿಗೆ ಒಂದು ಸೌಟು.

ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಯಿತು, ಚಿನ್ನದ ಉಂಗುರ ಸವರಿದ್ದಾಯಿತು, ಹೊರನಾಡಿಗೆ ಹರಕೆ ಹೊತ್ತದ್ದಾಯಿತು. ಮೊನ್ನೆ ಧಣಿಗಳ ಹೆಂಡತಿ ಬಂದು, "ತಾಯಿ ಇಷ್ಟು ಮಾತಾಡಿದ್ರೆ ಮಗೂಗೆ ಎಲ್ಲಿ ಜಾಗ ಸಿಗುತ್ತೆ?" ಅಂದು ನಕ್ಕರು. ಕಾಫಿ ಲೋಟ ಅವರ ಮೇಲೆ ಸುರಿಯದೆ ಇದ್ದದ್ದು ನನ್ನ ಗಂಡನ ನೌಕರಿಯ ಪುಣ್ಯ.

ನನಗೆ ಬೇಕಾದ್ದು ಇಷ್ಟೇ ಕಣೇ. ಅವಳು ನನ್ನನ್ನು ಒಮ್ಮೆ ಕರೆಯಬೇಕು. ಅಮ್ಮ ಅಂತಲೇ ಆಗಬೇಕಿಲ್ಲ. ಇಲ್ಲೊಬ್ಬಳು ಇದ್ದಾಳೆ, ಕರೆದರೆ ಬರುತ್ತಾಳೆ ಅಂತ ಗೊತ್ತಾಗಿ ಕರೆಯಬೇಕು.

ಬೈಯುವುದಿದ್ದರೆ ಉತ್ತರದಲ್ಲಿ ಬೈ. ಆದರೆ ಉತ್ತರ ಬರೆ.

ವಿಮಲ

*

ಮೈಸೂರು
೩ ಮಾರ್ಚ್ ೧೯೭೯

ಮಾರಾಯ್ತಿ,

ನಿನ್ನ ಮದುವೆಯ ದಿನ ನಮ್ಮ ಅಮ್ಮಿಗೆ ಆಪರೇಷನ್ ಇತ್ತು. ಹೇಳುವುದಕ್ಕೆ ನೀನು ಬಾಯಿ ಬಿಡಲು ಬಿಟ್ಟಿದ್ದರೆ ತಾನೇ? ಬೈಗುಳ ಮುಗಿಯಿತು. ಈಗ ಪೂರ್ಣಿಯ ವಿಷಯ.

ನಿನ್ನ ಕಾಗದವನ್ನು ಇಲ್ಲಿನ ಡಾಕ್ಟರಿಗೆ ಓದಿ ಹೇಳಿದೆ. ಆಟಿಸಂ ಇರಬಹುದು, ಮಗುವನ್ನು ನೋಡದೆ ಖಚಿತ ಹೇಳಲಾರೆ ಅಂದರು. ಅದಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ. ನೋಟಕ್ಕೆ ನೋಟ, ಸದ್ದಿಗೆ ಸದ್ದು, ನೀನು ಒಂದು, ನಾನು ಒಂದು ಅನ್ನುವ ಈ ಕೊಡು-ಕೊಳ್ಳು ನಮಗೆಲ್ಲ ತಾನಾಗಿ ಬಂದುಬಿಡುತ್ತದೆ. ಈ ಮಕ್ಕಳಿಗೆ ಅದನ್ನು ಕೈ ಹಿಡಿದು ಕಲಿಸಬೇಕು. ಔಷಧಿ ಇಲ್ಲ. ನಿನಗೆ ನಾನು ಸುಳ್ಳು ಹೇಳುವುದಿಲ್ಲ, ಕೆಲವು ಮಕ್ಕಳು ಎಷ್ಟು ಕಲಿಸಿದರೂ ಇದ್ದಲ್ಲೇ ಇರುತ್ತವೆ.

ಮಳೆ ಹಿಡಿಯುವ ಮೊದಲು ಕರೆದುಕೊಂಡು ಬಾ. ಅಲ್ಲಿಯವರೆಗೆ ಅವಳಿಗೆ ಅಮ್ಮ ಅನ್ನು, ಅಪ್ಪ ಅನ್ನು ಅಂತ ಪೀಡಿಸಬೇಡ. ಅವಳು ಬೀಜ ಜೋಡಿಸುವಾಗ ಪಕ್ಕದಲ್ಲಿ ಕೂತು ನೀನೂ ಒಂದು ಸಾಲು ಜೋಡಿಸು. ಅವಳ ಸಾಲು ಮುಟ್ಟಬೇಡ. ಬಾಯಿ ಮುಚ್ಚಿಕೊಂಡಿರು. ಅದು ನಿನಗೆ ಎಷ್ಟು ಕಷ್ಟ ಅಂತ ಹೈಸ್ಕೂಲಿನಿಂದ ನನಗೆ ಗೊತ್ತು.

ನಿನ್ನ ಖುರ್ಷೀದಾ

*

ಬಿಳಿಗಲ್ಲು
೨೦ ಜುಲೈ ೧೯೭೯

ಖುರ್ಷೀದಾ,

ಹೆಬ್ಬಾಳೆ ಸೇತುವೆ ಮತ್ತೆ ಮುಳುಗಿದೆ. ಈ ಕಾಗದ ನಿನ್ನ ಕೈಗೆ ಯಾವಾಗ ಸೇರುತ್ತದೋ ಭದ್ರೆಗೇ ಗೊತ್ತು.

ಮೈಸೂರಿನಿಂದ ಬಂದ ಮೇಲೆ ಬರೆಯಲಿಲ್ಲ. ಏನಂತ ಬರೆಯಲಿ? ಡಾಕ್ಟರು ಹೌದು ಅಂದರು. ಬರುವಾಗ ಬಸ್ಸು ಚಿಕ್ಕಮಗಳೂರಿನಲ್ಲಿ ನಿಂತಿತು. ಇವರು ಇಳಿದು ಪೂರ್ಣಿಗೆ ಬಿಸ್ಕತ್ತು ತಂದರು. ಕೊಡುವಾಗ ಅವರ ಕಣ್ಣು ತುಂಬಿತ್ತು. ಅವಳು ಬಿಸ್ಕತ್ತು ತೆಗೆದುಕೊಂಡಳು, ಅಪ್ಪನನ್ನು ನೋಡಲಿಲ್ಲ.

ಮೈಸೂರಿನಲ್ಲಿ ನೀನು ಹೇಳಿಕೊಟ್ಟ ಹಾಗೆ, ಅವಳು ತಿರುಗಿ ಉರುಳಿಸಲಿ ಅಂತ ಚೆಂಡು ಉರುಳಿಸುತ್ತೇನೆ. ಅದು ಅವಳ ಕಾಲಿಗೆ ತಾಗಿ ನಿಲ್ಲುತ್ತದೆ, ಅವಳು ಗೋಡೆಯನ್ನು ನೋಡುತ್ತಾಳೆ. ಎದ್ದು ಹೋಗಿ ತಂದು ಮತ್ತೆ ಉರುಳಿಸುತ್ತೇನೆ. ಈ ಮಳೆಯಲ್ಲಿ, ಈ ಕತ್ತಲ ಮನೆಯಲ್ಲಿ, ದಿನವೂ ನನ್ನ ಜೊತೆ ನಾನೇ ಚೆಂಡಾಡುತ್ತಿದ್ದೇನೆ. ಅತ್ತೆ ಶಂಕರಮ್ಮನವರು ಒಳ್ಳೆಯವರು, ಮೊಮ್ಮಗಳೆಂದರೆ ಜೀವ. ಬಾಗಿಲಲ್ಲಿ ನಿಂತು ನೋಡಿ, "ಸಾಕು ಬಿಡೇ, ನಿಂಗೇ ಹುಚ್ಚು ಹಿಡಿಯುತ್ತೆ" ಅಂತಾರೆ. ಹಿಡಿದಿಲ್ಲ ಅಂತ ಅವರಿಗೆ ಯಾರು ಹೇಳಿದರು?

ನಿನ್ನೆ ಚೆಂಡನ್ನು ಅಂಗಳದ ನೀರಿಗೆ ಎಸೆದುಬಿಟ್ಟೆ. ಆಮೇಲೆ ನಾನೇ ನೆನೆದುಕೊಂಡು ಹೋಗಿ ಹುಡುಕಿ ತಂದೆ.

ವಿಮಲ

*

ಬಿಳಿಗಲ್ಲು
೧೬ ಡಿಸೆಂಬರ್ ೧೯೭೯

ಖುರ್ಷೀದಾ, ಕೇಳಿಲ್ಲಿ,

ಹಣ್ಣು ಕೊಯ್ಲು ಶುರುವಾಗಿದೆ. ಗುಡ್ಡದ ಆ ಮಗ್ಗುಲಿಂದ ಈ ಮಗ್ಗುಲಿಗೆ ಆಳುಗಳು ಕೂ ಹಾಕುತ್ತಾರಲ್ಲ, ಹೆಸರು ಹಿಡಿದು ಕರೆಯದೆ ಬರೀ ಕೂ ಅಂತ, ಅತ್ತಲಿಂದ ಇನ್ನೊಬ್ಬರು ಕೂ ಅಂತ ಓಗೊಡುತ್ತಾರಲ್ಲ, ಅದು. ಇವತ್ತು ಬೆಳಿಗ್ಗೆ ಮೇಸ್ತ್ರಿ ನಿಂಗಯ್ಯ ಕೆಳಗಿನಿಂದ ಕೂ ಹಾಕಿದ. ಪೂರ್ಣಿ ಬೀಜ ಬಿಟ್ಟು ಕತ್ತೆತ್ತಿದಳು. ಅತ್ತಲಿಂದ ಹೆಂಗಸೊಬ್ಬಳು ಓಗೊಟ್ಟಳು. ಇವಳು ಆ ಕಡೆ ತಿರುಗಿದಳು! ಮತ್ತೆ ಈ ಕಡೆ. ಮತ್ತೆ ಆ ಕಡೆ. ಹುಟ್ಟಿದ ಮೇಲೆ ಹೆಸರಿಗೆ ತಿರುಗದ ಮಗು!

ನಾನು ಒಲೆ ಮೇಲಿನ ಹಾಲು ಬಿಟ್ಟು ಓಡಿಬಂದು ಅವಳೆದುರು ಕೂತು ಮೆಲ್ಲಗೆ ಕೂ ಅಂದೆ. ಅವಳು ನನ್ನ ಬಾಯಿ ನೋಡಿದಳು. ಕಣ್ಣಲ್ಲ, ಬಾಯಿ. ಆದರೂ ನೋಡಿದಳು. ಹಾಲು ಉಕ್ಕಿಹೋಯಿತು, ಅತ್ತೆ ಬೈದರು, ನಾನು ನಕ್ಕೆ.

ಏನು ಮಾಡಲಿ? ಬೇಗ ಬರೆ.

ವಿಮಲ

*

ಮೈಸೂರು
೨ ಜನವರಿ ೧೯೮೦

ವಿಮಲಾ,

ನಿನ್ನ ಕಾಗದವನ್ನು ಆಸ್ಪತ್ರೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಯಾ ಕುಲ್ಸುಮ್‌ಬೀಗೂ.

ಇನ್ನು ಆ ಕೂವನ್ನೇ ಹಿಡಿದುಕೋ. ಚೆಂಡು ಮೂಲೆಗಿರಲಿ. ಅವಳೆದುರು ಒಂದೇ ಒಂದು ಸಲ ಕೂ ಅನ್ನು. ಆಮೇಲೆ ಬಾಯಿ ಮುಚ್ಚಿ ಕಾಯು. ಎರಡನೇ ಸಲ ಅನ್ನಬೇಡ, ಸರದಿ ಈಗ ಅವಳದ್ದು ಅಂತ ಅವಳಿಗೆ ತಿಳಿಯಬೇಕು. ನಾವು ದೊಡ್ಡವರು ಮಾಡುವ ತಪ್ಪೇ ಅದು, ಮಗು ಓಗೊಡುವ ಮೊದಲೇ ಮತ್ತೆ ಕೂಗುತ್ತೇವೆ. ಒಂದು ಕೂಗು, ಆಮೇಲೆ ಕಾಯುವುದು. ಈ ಆಟದ ನಿಯಮ ಅಷ್ಟೇ. ಮನೆಯವರೆಲ್ಲ ಇದನ್ನೇ ಪಾಲಿಸಲಿ.

ಇನ್ನೊಂದು. ಅವಳ ಗಂಟಲಿಂದ ಏನೇ ಸದ್ದು ಬಂದರೂ, ಕೆಮ್ಮಾದರೂ ಸರಿ, ಯಾರಾದರೂ ತಕ್ಷಣ ಓಗೊಡಿ. ದನಿ ತೆಗೆದರೆ ಮನುಷ್ಯರು ಬರುತ್ತಾರೆ ಅಂತ ಅವಳಿಗೆ ನಂಬಿಕೆ ಹುಟ್ಟಬೇಕು. ಆ ನಂಬಿಕೆ ಹುಟ್ಟಿದರೆ ಮಿಕ್ಕದ್ದು ಬರುತ್ತದೆ. ಹುಟ್ಟದಿದ್ದರೆ ಯಾವುದೂ ಬರುವುದಿಲ್ಲ.

ಖುರ್ಷೀದಾ

*

ಬಿಳಿಗಲ್ಲು
೫ ಅಕ್ಟೋಬರ್ ೧೯೮೦

ಖುರ್ಷೀದಾ,

ಇಷ್ಟು ತಿಂಗಳು ನಿನಗೆ ಬರೆದದ್ದೆಲ್ಲ ಅಳುಮುಂಜಿ ಕಾಗದಗಳೇ. ಕೂ ಅಂದೆ, ಕಾದೆ, ಏನೂ ಇಲ್ಲ. ಅಷ್ಟೇ. ಮಳೆಗಾಲವಿಡೀ ಅಷ್ಟೇ.

ನಿನ್ನೆ ನಾನು ಅಕ್ಕಿ ಆರಿಸುತ್ತ, ಅಭ್ಯಾಸಬಲದಿಂದ, ಆಸೆಯೇನೂ ಇಲ್ಲದೆ ಕೂ ಅಂದೆ. ಬೆನ್ನ ಹಿಂದೆ ಯಾರೋ ಕೂ ಅಂದರು. ತೆಳ್ಳಗೆ, ಕೊಳಲಿಗೆ ಮಕ್ಕಳು ಮೊದಲು ಊದಿದಾಗ ಬರುವ ಹಾಗೆ. ನಾನು ತಿರುಗಲಿಲ್ಲ ಕಣೇ. ಹೆದರಿಕೆಯಾಯಿತು, ತಿರುಗಿದರೆ ಇಲ್ಲವಾಗಿಬಿಡುತ್ತದೆ ಅಂತ. ಮತ್ತೆ ಕೂ ಅಂದೆ. ಮತ್ತೆ ಬಂತು. ಅತ್ತೆ ದೇವರ ಮುಂದಿನಿಂದ ಎದ್ದುಬಂದು ಕಂಬ ಹಿಡಿದು ನಿಂತರು. ಅವರೂ ನಡುಗುವ ದನಿಯಲ್ಲಿ ಕೂ ಅಂದರು. ಅವರಿಗೂ ಓಗೊಟ್ಟಳು. ಆ ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ನಾವು ಕೂಗಿದರೆ ಓಗೊಡುತ್ತಾಳೆ. ತಾನಾಗಿ ಕೂಗುವುದಿಲ್ಲ. ದುರಾಸೆ ಅನ್ನಬೇಡ, ಈಗ ನನಗೆ ಅದು ಬೇಕು.

ವಿಮಲ

*

ಮೈಸೂರು
೧೯ ಅಕ್ಟೋಬರ್ ೧೯೮೦

ವಿಮಲಾ,

ದುರಾಸೆಯಲ್ಲ, ಮುಂದಿನ ಪಾಠವೇ ಅದು. ಇನ್ನು ನೀನು ಕೂಗುವುದನ್ನು ಕಡಿಮೆ ಮಾಡು. ಅವಳು ನೋಡುತ್ತಿರುವ ಹಾಗೇ ಹೋಗಿ ಎಲ್ಲಾದರೂ ಅಡಗಿಕೋ, ಬಾಗಿಲ ಹಿಂದೆ, ಸೌದೆ ಕೊಟ್ಟಿಗೆಯ ಹಿಂದೆ. ಅಡಗಿ ಸುಮ್ಮನಿರು. ನೀನು ಬೇಕು ಅನ್ನಿಸಿ ಅವಳೇ ಕೂಗಲಿ. ಕೂಗಿದ ಮರುಕ್ಷಣ ನೀನು ಎದುರಿಗಿರಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, ಬಿಡಬೇಡ.

ನಾನು ಇಲ್ಲಿ ಎಷ್ಟೋ ಮಕ್ಕಳ ಜೊತೆ ಸೋತಿದ್ದೇನೆ. ನಿನ್ನ ಮಗಳ ವಿಷಯದಲ್ಲಿ ನನಗೆ ಆಸೆ ಹುಟ್ಟಿದೆ.

ಖುರ್ಷೀದಾ

*

ಮೈಸೂರು
೮ ಮಾರ್ಚ್ ೧೯೮೧

ವಿಮಲಾ,

ಬರೆದ ಕಾಗದಗಳಿಗೆ ಉತ್ತರವಿಲ್ಲ. ಅಬ್ಬಾಗೆ ಬರೆದು ವಿಚಾರಿಸಿದೆ. ಜನವರಿಯಲ್ಲಿ ಪೂರ್ಣಿ ತೋಟದಲ್ಲಿ ತಪ್ಪಿಸಿಕೊಂಡಿದ್ದಳು, ಸಿಕ್ಕಿದಳು, ಈಗ ಚೆನ್ನಾಗಿದ್ದಾಳಂತೆ ಅಂತ ಬರೆದಿದ್ದಾರೆ. ಚೆನ್ನಾಗಿದ್ದರೆ ನೀನೇಕೆ ಬರೆಯುತ್ತಿಲ್ಲ? ನನ್ನ ಮೇಲೆ ಮತ್ತೆ ಮುನಿಸಾದರೆ ಹಾಗಂತಲಾದರೂ ಒಂದು ಕಾರ್ಡು ಹಾಕು.

ಖುರ್ಷೀದಾ

*

ಬಿಳಿಗಲ್ಲು
೨ ಏಪ್ರಿಲ್ ೧೯೮೧

ಖುರ್ಷೀದಾ,

ಮುನಿಸಲ್ಲ. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ. ಇವತ್ತು ಬರೆದುಬಿಡುತ್ತೇನೆ.

ಆ ದಿನ ಮಧ್ಯಾಹ್ನ ನೀನು ಹೇಳಿದ ಆಟ ಆಡಿದ್ದೆವು. ನಾನು ಸೌದೆ ಕೊಟ್ಟಿಗೆಯ ಹಿಂದೆ ಅಡಗಿದೆ. ಅವಳು ಕೂಗಲಿಲ್ಲ. ಕಾದು ಸಾಕಾಗಿ, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೆಲಸ ಹಿಡಿದೆ. ಅವಳು ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು, ನಿದ್ದೆ ಬಂದಿದೆ ಅಂದುಕೊಂಡೆ.

ಮುಸ್ಸಂಜೆಗೆ ಅತ್ತೆ ದೀಪ ಹಚ್ಚಿ ಜಗಲಿಗೆ ಬಂದಿದ್ದರು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಆಳುಗಳು ತಮ್ಮ ಲೈನ್ ಮನೆಗಳಿಗೆ ಹೋಗಿ ಆಗಿತ್ತು. ಇವರು ಕಣದಲ್ಲಿದ್ದರು. ಕೆಳಗಿನ ತೋಟದಿಂದ ಒಂದು ಕೂಗು ಬಂತು.

ಕೂ.

ದೂರದಿಂದ ಅವಳ ದನಿ ಹೇಗಿರುತ್ತದೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಪಾಲಿಗೆ ಅವಳು ಒಳಗೆ ಮಲಗಿದ್ದಾಳೆ. ಆದರೂ ಓಗೊಡಲು ನನ್ನ ಬಾಯಿ ತೆರೆಯಿತು. ಅತ್ತೆ ಬಂದು ನನ್ನ ಬಾಯಿಗೆ ಅಂಗೈ ಒತ್ತಿದರು. "ಸುಮ್ನಿರು. ಒಂದೇ ಕೂಗು ಅದು. ಮನುಷ್ಯರಾದ್ರೆ ಇನ್ನೊಂದ್ಸಲ ಕೂಗ್ತಾರೆ, ಆಗ ಓಗೊಡು."

ನಿನಗೇನು ಗೊತ್ತಿಲ್ಲದ್ದಲ್ಲ. ಮುಸ್ಸಂಜೆಯಲ್ಲಿ ಒಂದೇ ಸಲ ಕೂಗುವುದು ದೆವ್ವ, ಓಗೊಟ್ಟವರ ಪ್ರಾಣ ಅದರ ಜೊತೆ ಹೋಗುತ್ತದೆ ಅಂತ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನಾನೂ ಹಾಗೇ ಬೆಳೆದವಳು. ಅವರ ಕೈ ಸರಿಸಲಿಲ್ಲ. ಇಬ್ಬರೂ ಕಿವಿಗೊಟ್ಟು ನಿಂತೆವು, ಎರಡನೇ ಕೂಗಿಗೆ.

ಅದು ಬರಲಿಲ್ಲ. ಹೇಗೆ ಬಂದೀತು? ಒಮ್ಮೆ ಕೂಗಬೇಕು, ಆಮೇಲೆ ಸುಮ್ಮನೆ ಕಾಯಬೇಕು ಅಂತ ಅವಳಿಗೆ ಒಂದು ವರ್ಷ ಕೂತು ಕಲಿಸಿದವಳು ನಾನೇ ಅಲ್ಲವೇ? ಅವಳು ಅಲ್ಲಿ ನಿಂತು ಕಾಯುತ್ತಿದ್ದಳು. ನಾವು ಇಲ್ಲಿ ನಿಂತು ಕಾಯುತ್ತಿದ್ದೆವು.

ಬಟ್ಟೆ ಇಡಲು ಒಳಗೆ ಹೋದಾಗ ಚಾಪೆ ಖಾಲಿ. ನಾನು ಅಡಗಿದಲ್ಲೇ ಇದ್ದೇನೆ ಅಂದುಕೊಂಡು ಹುಡುಕಿಕೊಂಡು ಹೊರಟಿರಬೇಕು. ಆಟ ಮುಗಿದಿದೆ ಅಂತ ಅವಳಿಗೆ ನಾನು ಹೇಳಿರಲಿಲ್ಲ.

ಆಮೇಲೆ ಇಡೀ ಎಸ್ಟೇಟು ಇಳಿಯಿತು. ಗಂಡಸರು, ಹೆಂಗಸರು ಎಲ್ಲರೂ ದೊಂದಿ ಹಿಡಿದು ಎಲ್ಲ ಕಡೆಯಿಂದ ಕೂ ಹಾಕಿದರು. ನಾನೂ ಹಾಕಿದೆ, ಗಂಟಲಲ್ಲಿ ರಕ್ತ ಬರುವವರೆಗೆ. ಒಂದಕ್ಕೂ ಅವಳು ಓಗೊಡಲಿಲ್ಲ. ಕೊನೆಗೆ ನಿಂಗಯ್ಯನಿಗೆ ಕೆರೆ ಏರಿಯ ಕೆಳಗೆ ಗಿಡಗಳ ಸಂದಿಯಲ್ಲಿ ಸಿಕ್ಕಿದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮಂಡಿಗೆ ತಲೆ ಕೊಟ್ಟು ಕೂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎಲ್ಲರೂ ದೇವರು ದೊಡ್ಡವನು ಅಂದರು.

ಆವತ್ತಿನಿಂದ ಅವಳು ಕೂ ಅಂದಿಲ್ಲ. ಯಾರಾದರೂ ಅಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನನ್ನ ಮಣಿಕಟ್ಟನ್ನೂ ಈಗ ಹಿಡಿಯುವುದಿಲ್ಲ.

ವಿಮಲ

*

ಮೈಸೂರು
೧೪ ಏಪ್ರಿಲ್ ೧೯೮೧

ನನ್ನ ವಿಮಲಾ,

ನಾನು ಮೂಡಿಗೆರೆಯವಳು. ನಮ್ಮ ನಾನಿ ಜಮೀಲುನ್ನೀಸಾ ಸಂಜೆ ಹೊತ್ತು ನನ್ನ ಕಿವಿ ಹಿಂಡಿ ಇದನ್ನೇ ಹೇಳುತ್ತಿದ್ದಳು, ಒಂದೇ ಕೂಗಿಗೆ ಮಾತಾಡಬೇಡ ಅಂತ. ಒಂದು ಕೂಗು ಕೂಗಿ ಕಾಯಬೇಕು ಅಂತ ಮೈಸೂರಿನಲ್ಲಿ ಕುರ್ಚಿಯ ಮೇಲೆ ಕೂತು ನಿನಗೆ ಬರೆಯುವಾಗ ನನಗೆ ಇದು ನೆನಪಾಗಲಿಲ್ಲ. ಬೇರೆ ಊರಿನವಳು ಬರೆದಿದ್ದರೆ ಕ್ಷಮಿಸಬಹುದಿತ್ತು. ನಿನ್ನ ಅತ್ತೆಯನ್ನು ದೂರಬೇಡ. ದೂರುವುದಿದ್ದರೆ ನನ್ನನ್ನು ದೂರು.

ಮಗುವನ್ನು ಕರೆದುಕೊಂಡು ಬಾ. ಸದ್ದು ಬೇಡವೆಂದರೆ ಕೈಸನ್ನೆ ಇದೆ, ಚಿತ್ರ ಇದೆ. ಮೊದಲಿನಿಂದ ಶುರು ಮಾಡೋಣ. ನನ್ನ ಮನೆಯಲ್ಲೇ ಇರು.

ಖುರ್ಷೀದಾ

*

ಮೈಸೂರು
೨೧ ಜನವರಿ ೧೯೮೨

ವಿಮಲಾ,

ನೀನು ಬರಲಿಲ್ಲ, ಬರೆಯಲೂ ಇಲ್ಲ. ಒತ್ತಾಯಿಸುವ ಮುಖ ನನಗಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ.

ಕೊಪ್ಪದ ಕಡೆಯ ಒಬ್ಬ ತಾಯಿ ಬಂದಿದ್ದಾಳೆ. ಅವಳ ಮಗಳೂ ಪೂರ್ಣಿಯ ಹಾಗೇ. ಆ ಮಗುವೂ ತೋಟದ ಕೂಗಿಗೆ ಕತ್ತೆತ್ತುತ್ತದಂತೆ, ಅದನ್ನು ಹೇಳುವಾಗ ಆಕೆಯ ಮುಖ ಅರಳುತ್ತದೆ. ಏನು ಮಾಡಲಿ ಅಂತ ದಿನವೂ ಕೇಳುತ್ತಾಳೆ. ನಾನು ಆಕೆಗೆ ಏನು ಹೇಳಲಿ?

ಖುರ್ಷೀದಾ

*

ಬಿಳಿಗಲ್ಲು
೭ ಫೆಬ್ರವರಿ ೧೯೮೨

ಖುರ್ಷೀದಾ,

ಪೂರ್ಣಿಗೆ ಎಂಟು ತುಂಬಿತು. ಈಗ ಅವಳನ್ನು ಎಲ್ಲರೂ ಹೊಗಳುತ್ತಾರೆ. ಹಠವಿಲ್ಲ, ತಲೆ ಚಚ್ಚಿಕೊಳ್ಳುವುದಿಲ್ಲ. ಬಾಯಾರಿದರೆ ಮಣೆ ಎಳೆದು ಹತ್ತಿ ತಾನೇ ನೀರು ಬಗ್ಗಿಸಿಕೊಳ್ಳುತ್ತಾಳೆ. ಹಸಿವಾದರೆ ಪಾತ್ರೆಗೆ ತಾನೇ ಕೈ ಹಾಕುತ್ತಾಳೆ. ಇಲ್ಲದ್ದನ್ನು ಬೇಡುವುದಿಲ್ಲ. ಧಣಿಗಳ ಹೆಂಡತಿ ಮೊನ್ನೆ ಬಂದು, "ನೋಡಿ, ಬುದ್ಧಿ ಬಂತು. ಸುಮ್ಮನೆ ಒದ್ದಾಡಿದ್ರಿ" ಅಂದರು. ಈ ಸಲ ನನಗೆ ಸಿಟ್ಟೂ ಬರಲಿಲ್ಲ. ಹೌದಮ್ಮ ಅಂದೆ.

ಯಾರಿಂದಲೂ ಏನೂ ಬೇಡ ಅನ್ನುವುದನ್ನು ಅವಳು ಕಲಿತಿದ್ದಾಳೆ, ಖುರ್ಷೀದಾ. ನಾವಿಬ್ಬರೂ ಕಲಿಸಿದ ಯಾವ ಪಾಠವನ್ನೂ ಅವಳು ಇಷ್ಟು ಬೇಗ ಕಲಿಯಲಿಲ್ಲ.

ಅತ್ತೆ ಸೊರಗಿದ್ದಾರೆ. ಸಂಜೆಯಾದರೆ ಜಗಲಿಯ ತುದಿಗೆ ಹೋಗಿ ಕೂರುತ್ತಾರೆ. ನವಿಲು ಕೂಗಿದರೂ, ಕೆಳಗೆ ಲೈನಿನಲ್ಲಿ ಯಾರಾದರೂ ಯಾರನ್ನಾದರೂ ಕರೆದರೂ, ಓ ಅನ್ನುತ್ತಾರೆ. ಆಳುಮಕ್ಕಳು ನಗುತ್ತಾರೆ. ನಾನು ಅವರಿಗೆ ಒಂದು ದಿನವೂ ಒಂದು ಮಾತು ಅಂದಿಲ್ಲ. ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

ನಾನು ಮೈಸೂರಿಗೆ ಬರುವುದಿಲ್ಲ. ಮುನಿಸಿನಿಂದಲ್ಲ. ಅವಳನ್ನು ಮತ್ತೆ ಕೂರಿಸಿಕೊಂಡು, ಕರೆ ಮಗೂ, ಕರೆದರೆ ಬರುತ್ತೇವೆ ಅಂತ ನಂಬಿಸಲು ನನಗೆ ಧೈರ್ಯವಿಲ್ಲ. ಅವಳು ಒಮ್ಮೆ ನಂಬಿದಳು. ಕತ್ತಲಾಗುವ ತೋಟದಲ್ಲಿ ಒಬ್ಬಳೇ ನಿಂತು, ಯಾರೂ ಕೇಳದೆ, ಯಾರೂ ಹೇಳದೆ, ನನ್ನನ್ನೇ ಕರೆದಳು. ಜನ್ಮದಲ್ಲಿ ನಾನು ಬೇಡಿದ್ದು ಅದೊಂದನ್ನೇ, ನಿನಗೆ ಮೊದಲ ಕಾಗದದಲ್ಲಿ ಬರೆದಿದ್ದೆ. ನನಗೆ ಅದು ಸಿಕ್ಕಿತು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಸುಮ್ಮನೆ ನಿಂತೆ.

ಕೊಪ್ಪದ ಆ ತಾಯಿಗೆ ಕೂ ಕಲಿಸು. ಹೆದರಬೇಡ, ಕಲಿಸು. ಆದರೆ ಎರಡನೇ ಕೂಗಿಗೆ ಕಾಯಬೇಡ ಅಂತ ಹೇಳು. ಹಗಲೋ ಮುಸ್ಸಂಜೆಯೋ ನೋಡಬೇಡ, ಅತ್ತೆ ಏನಂತಾರೆ, ಊರು ಏನನ್ನುತ್ತೆ ನೋಡಬೇಡ. ದೆವ್ವವೇ ಕೂಗಿರಲಿ, ಪ್ರಾಣ ಹೋದರೆ ಹೋಗಲಿ. ಓಗೊಡಲಿ.

ವಿಮಲ